ಸ್ಟೋರ್ ರೂಮಿನಲ್ಲಿ ಸಿಕ್ಕ ಸ್ಫೂರ್ತಿ

ಇನ್ನೊಂದು ವರ್ಷದೊಳಗೆ ತಾನು ದೊಡ್ಡ ಸಾಹಿತಿಯಾಗದಿದ್ದರೆ ಕೇಳು ಎಂದು ಬೀಗ ರಿಪೇರಿಯವನು ಹೆಂಡತಿಯೆದುರು ಎದೆ ತಟ್ಟಿಕೊಂಡು ಘೋಷಿಸಿದ. ಹೆಂಡತಿ ತನ್ನ ಹೊಲಿಗೆಯಂಗಡಿಗೆ ಹೊರಡುವ ಅವಸರದಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

"ಆಗ್ರಿ, ಯಾರು ಬೇಡ ಅಂದ್ರು? ಅದಕ್ಕೆ ಮುಂಚೆ ಆ ಸ್ಟೋರ್ ರೂಮಿನ ಬಾಗಿಲಿಗೆ ಒಳಗಡೆ ಹಿಡಿ ಹಾಕಿ. ಹೇಳಿ ಹೇಳಿ ಮೂರು ತಿಂಗಳಾಯ್ತು" ಎಂದು ಹೋಗಿಬಿಟ್ಟಳು.

ಊರಿನ ಬಾಗಿಲುಗಳೆಲ್ಲ ಅವನ ಹೆಸರು ಕೇಳಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ ಎಂಬಷ್ಟು ಖ್ಯಾತಿ ಅವನದು. ಆ ಹಿಡಿಯನ್ನು ಯಾವುದೋ ಗಿರಾಕಿಗೆ ತುರ್ತಾಗಿ ಬೇಕೆಂದು ಅವನೇ ಬಿಚ್ಚಿಕೊಂಡು ಹೋಗಿದ್ದ. ನಾಳೆ ಹಾಕಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಸಾಹಿತ್ಯ ಅಡ್ಡ ಬಂತು.

ಬಂದದ್ದು ಫೋನಿನಲ್ಲಿ. ‘ಬರೆಯೋಣ ಬನ್ನಿ’ ಎಂಬ ಮುನ್ನೂರು ಜನರ ಗುಂಪು. ಯಾರಿಗೂ ಯಾರ ನಿಜವಾದ ಹೆಸರೂ ತಿಳಿಯದು. ಇವನು ಅಲ್ಲಿ ‘ಮೌನಕವಿ’. ವಾರಕ್ಕೊಂದು ವಿಷಯ ಕೊಡುತ್ತಾರೆ, ಎಲ್ಲರೂ ಬರೆದು ಹಾಕುತ್ತಾರೆ. ಶನಿವಾರ ಮಧ್ಯಾಹ್ನ ‘ಕೆಂಪು ಶಾಯಿ’ ಎಂಬ ಹಿರಿಯರು ಅದರಲ್ಲೊಂದನ್ನು ವಾರದ ಆಯ್ಕೆ ಎಂದು ಸಾರುತ್ತಾರೆ. ಹನ್ನೊಂದು ವಾರ ಬರೆದರೂ ಇವನಿಗೆ ಸಿಕ್ಕಿದ್ದು ಒಂದೇ ತೀರ್ಪು: ‘ಅನುಭವ ಸಾಲದು.’ ಈ ವಾರದ ವಿಷಯ ‘ಮುಚ್ಚಿದ ಕೋಣೆ’. ಬೀಗದವನಿಗೇ ಮುಚ್ಚಿದ ಕೋಣೆ! ಇದರಲ್ಲೂ ಗೆಲ್ಲದಿದ್ದರೆ ಲೇಖನಿ ಕೆಳಗಿಟ್ಟುಬಿಡುವುದೇ ಮೇಲು ಎಂದು ಅವನು ತೀರ್ಮಾನಿಸಿದ.

ಹಾಗಾಗಿ ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಬದಲು, ಅನುಭವ ಸಂಪಾದಿಸಲು ಸ್ಟೋರ್ ರೂಮು ಹೊಕ್ಕ. ಹಳೆಯ ಸೂಟ್‌ಕೇಸಿನ ಮೇಲೆ ಕೂತ. ಬಾಗಿಲು ಅರ್ಧ ತೆರೆದಿದ್ದರೆ ಅನುಭವವೂ ಅರ್ಧವೇ ತಾನೆ? ಎಳೆದು ಮುಚ್ಚಿದ. ಟಕ್ ಎಂದಿತು. ಆ ಒಂದು ಸದ್ದು ಕೇಳಿದ ಮಾತ್ರಕ್ಕೆ ಅದು ಎಂಥ ಬೀಗ, ಒಳಗಿನಿಂದ ಏಕೆ ತೆರೆಯಲಾಗದು ಎಂದು ವಿವರಿಸಬಲ್ಲ ಮನುಷ್ಯ ಊರಿನಲ್ಲಿ ಅವನೊಬ್ಬನೇ. ತನಗೆ ತಾನೇ ವಿವರಿಸಿಕೊಂಡ. ಉಪಕರಣಗಳೆಲ್ಲ ಅಂಗಡಿಯಲ್ಲಿದ್ದವು. ಮೂಲೆಯಲ್ಲಿದ್ದ ಹರಕು ಕೊಡೆಯ ಕಡ್ಡಿ ತೂರಿಸಿ ನೋಡಿದ, ಕಡ್ಡಿ ಮುರಿಯಿತು.

ಹೆಂಡತಿಗೆ ಫೋನ್ ಮಾಡಬಹುದಿತ್ತು. ಆದರೆ ಮೂರು ತಿಂಗಳ ಮಾತನ್ನು ಒಂದೇ ಸಲಕ್ಕೆ ಕೇಳಬೇಕಲ್ಲ! ಇನ್ನೊಬ್ಬ ಬೀಗದವನನ್ನು ಕರೆದರೆ ಅಂಗಡಿಯ ಮಾನ ಬೀದಿಪಾಲು. ಗುಂಪಿನಲ್ಲಿ ಇದೇ ಊರಿನ ಪುಣ್ಯಾತ್ಮರು ಯಾರಾದರೂ ಇದ್ದಾರು ಎಂಬ ಆಸೆಯಿಂದ ಬರೆದ: ‘ಸ್ನೇಹಿತರೇ, ನನ್ನ ಮನೆಯ ಸ್ಟೋರ್ ರೂಮಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ನಾನು ಬೀಗ ರಿಪೇರಿಯವನು. ಕಾಪಾಡಿ.’

ಚಪ್ಪಾಳೆಗಳು ಸುರಿದವು. ಮೊದಲ ಸಾಲೇ ಹಿಡಿದು ನಿಲ್ಲಿಸುತ್ತದೆ ಎಂದರು ಒಬ್ಬರು. ಅಯ್ಯೋ, ಇದು ಕಥೆಯಲ್ಲ, ನಿಜ ಎಂದು ಬರೆದ. ಭೇಷ್, ಓದುಗರನ್ನು ನಂಬಿಸುವುದೆಂದರೆ ಹೀಗೆ ಎಂದರು ಇನ್ನೊಬ್ಬರು. ಗಂಟಲು ಒಣಗುತ್ತಿದೆ ಎಂದ. ಬಾಯಾರಿಕೆ ಸ್ವಲ್ಪ ತಡವಾಗಿ ಬರಲಿ ಎಂಬ ಸಲಹೆ ಬಂತು. ದಯವಿಟ್ಟು ಯಾರಾದರೂ ಬಾಗಿಲು ತೆಗೆಯಿರಿ ಎಂದು ಅಂಗಲಾಚಿದ್ದಕ್ಕೆ, ಇಷ್ಟು ಬೇಗ ತೆಗೆದರೆ ಕಥೆ ಕೆಡುತ್ತದೆ ಎಂದು ಹದಿನೇಳು ಜನ ಒಮ್ಮತಕ್ಕೆ ಬಂದರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಫೋನ್. ಕ್ಲಿನಿಕ್ಕಿನ ಬೀಗದ ಕೈ ಕಳೆದುಹೋಗಿದೆ, ಕೆನ್ನೆ ಊದಿದ ರೋಗಿಯೊಬ್ಬ ಮೆಟ್ಟಿಲ ಮೇಲೆ ನರಳುತ್ತಿದ್ದಾನೆ, ಬೇಗ ಬಾ ಎಂದರು. "ಐದೇ ನಿಮಿಷ ಡಾಕ್ಟ್ರೇ, ಬಂದೆ" ಎಂದುಬಿಟ್ಟ, ಅಭ್ಯಾಸಬಲದಿಂದ. ಅರ್ಧ ಗಂಟೆ ಕಾದ ಡಾಕ್ಟರು ಅವನ ಅಂಗಡಿಗೆ ಹೋದರು, ಮುಚ್ಚಿತ್ತು. ಅಲ್ಲಿಂದ ರೋಗಿಯನ್ನೂ ಕರೆದುಕೊಂಡು ನೇರ ಅವನ ಹೆಂಡತಿಯ ಅಂಗಡಿಗೆ ಹೋದರು. ಅವಳು ಇಬ್ಬರನ್ನೂ ಮನೆಗೆ ಕರೆತಂದರೆ, ಸ್ಟೋರ್ ರೂಮಿನೊಳಗಿನಿಂದ ಯಾರೋ ಬಾಗಿಲು ಬಡಿಯುವ ಸದ್ದು.

ಸ್ಟೋರ್ ರೂಮಿನ ಬಾಗಿಲು ಹೊರಗಿನಿಂದ ತೆರೆದಾಗ ಎದುರಿಗೆ ಮೂರು ಮುಖಗಳಿದ್ದವು: ಹೆಂಡತಿ, ಡಾಕ್ಟರು, ಅವರ ಹಿಂದೆ ಕೆನ್ನೆ ಹಿಡಿದುಕೊಂಡ ರೋಗಿ.

"ಇಲ್ಲಿ ಕೂತು ಏನ್ ಮಾಡ್ತಿದ್ರಿ?" ಎಂದಳು ಹೆಂಡತಿ.

"ಅನುಭವ ತಗೋತಿದ್ದೆ."

ರೋಗಿಗೆ ನಗು ತಡೆಯಲಾಗಲಿಲ್ಲ. ನಕ್ಕ, ನೋವಿಗೆ ಚೀರಿದ, ಮತ್ತೆ ನಕ್ಕ. ಬೀಗದವನು ತಲೆ ತಗ್ಗಿಸಿಕೊಂಡು ಹೋಗಿ ಎರಡೇ ನಿಮಿಷದಲ್ಲಿ ಕ್ಲಿನಿಕ್ ತೆರೆದುಕೊಟ್ಟ. ಡಾಕ್ಟರು ಬೆನ್ನು ತಟ್ಟಿದರು. ಆ ತಟ್ಟುವಿಕೆಯಲ್ಲೂ ನಗುವಿತ್ತು. ಮಾನವಂತೂ ಹೋಯಿತು, ಬಹುಮಾನವಾದರೂ ಬರಲಿ ಎಂದುಕೊಂಡು ಮನೆಗೆ ಬಂದವನೇ ಫೋನ್ ತೆರೆದ. ಹೆಂಡತಿ ಹೆಗಲ ಮೇಲಿಂದ ಇಣುಕಿದಳು.

ಕೆಂಪು ಶಾಯಿಯವರು ಬರೆದಿದ್ದರು: ‘ಈ ಸಲ ಅನುಭವವಿದೆ, ಸಂತೋಷ. ಆದರೆ ನಾಯಕನನ್ನು ನಂಬುವುದು ಕಷ್ಟ. ಬೀಗ ರಿಪೇರಿಯವನೇ ತನ್ನ ಮನೆಯಲ್ಲಿ ಸಿಕ್ಕಿಬೀಳುವುದೇ? ಇಷ್ಟು ದಡ್ಡರು ಇರುವುದಿಲ್ಲ. ಅವನ ಕಸುಬು ಬದಲಿಸಿ.’

ಬೀಗದವನ ಕಣ್ಣಲ್ಲಿ ನೀರೇ ಬಂತು. ಹೆಂಡತಿಗೆ ಅಯ್ಯೋ ಪಾಪ ಅನ್ನಿಸಿತು. ಫೋನ್ ಕಸಿದುಕೊಂಡು ತಾನೇ ಉತ್ತರ ಬರೆದಳು: ‘ನಾನು ಇವರ ಹೆಂಡತಿ. ಇದು ಕಥೆಯಲ್ಲ, ನನ್ನ ಗಂಡ. ನನಗೂ ಮೊದಮೊದಲು ನಂಬೋಕೆ ಕಷ್ಟ ಆಗಿತ್ತು.’

ಕೂಡಲೇ ಕೆಂಪು ಶಾಯಿಯವರ ಘೋಷಣೆ ಬಂತು: ‘ಮೂರೇ ಸಾಲಿನಲ್ಲಿ ಇಡೀ ಸಂಸಾರ! ಈ ವಾರದ ಆಯ್ಕೆ ಇದೇ. ಇನ್ನು ಮುಂದೆ ದಯವಿಟ್ಟು ತಾವೇ ಬರೆಯಿರಿ, ತಾಯಿ.’

ಗುಂಪಿಗೆ ಗುಂಪೇ ಚಪ್ಪಾಳೆ ತಟ್ಟಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದರಿಂದ ಅವನೂ ತಟ್ಟಿದ.