ಒಂದು ಅಂಕದ ಆಮ್ಲ

ವಿಜ್ಞಾನದಲ್ಲಿ ಸರಿ ಎಂದರೆ ಸರಿ, ತಪ್ಪು ಎಂದರೆ ತಪ್ಪು ಎಂದು ನಂಬಿದವನ ಬಾಳು ಗುಂಡ್ಲುಪೇಟೆಯಲ್ಲಿ ನೆಟ್ಟಗೆ ಸಾಗುವುದಿಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕನ್ನಡ ಮೀಡಿಯಮ್ಮಿಗೆ ಪಾಠ ಹೇಳಲು ಬಂದ ನನಗೆ ವಾರಕ್ಕೊಂದು ಸಲವಾದರೂ ಇದು ಖಾತ್ರಿಯಾಗುತ್ತದೆ.

ಈ ಸಲದ್ದು ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ಒಂದು ಅಂಕದ ಪ್ರಶ್ನೆ: 'ಇಂಗಾಲದ ಡೈಆಕ್ಸೈಡ್ ಆಮ್ಲವೇ?' ಭೀಮನಬೀಡಿನಿಂದ ಬರುವ ನನ್ನ ವಿದ್ಯಾರ್ಥಿನಿ ನಾನು ಹೇಳಿಕೊಟ್ಟಂತೆಯೇ ಬರೆದಿದ್ದಳು: 'ಒಣ ಅನಿಲವಾಗಿದ್ದಾಗ ಅಲ್ಲ. ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾದಾಗ ಹೌದು.' ಮೇಲಿನಿಂದ ಬಂದ ಮಾದರಿ ಉತ್ತರದಲ್ಲಿ ಇದ್ದದ್ದು ಬರೀ 'ಹೌದು'. ತಿದ್ದಿದವರು ಸೊನ್ನೆ ಸುತ್ತಿದರು. ಪಾಸಿಗೆ ಮೂವತ್ತೈದು ಬೇಕು, ಅವಳಿಗೆ ಬಂದದ್ದು ಮೂವತ್ತನಾಲ್ಕು. ಫೇಲಾದರೆ ಸ್ಕೂಲು ಬಿಡಿಸಿ ಚೆಂಡುಹೂ ಕೀಳಲು ಕಳಿಸುತ್ತೇನೆ ಎಂದು ಅವರಪ್ಪ ಮೊದಲೇ ಹೇಳಿದ್ದ.

ಪೂರ್ತಿ ಬರೆದವಳು ಹೂ ಕೀಳಬೇಕು, ಅರ್ಧ ಬರೆದವರು ಪಾಸಾಗಬೇಕು. ಆ ಒಂದು ಅಂಕಕ್ಕಾಗಿ ನಾನು ಹೊರಟೆ.

ಇಬ್ಬರು ತಂದೆಯರು

ಮೊದಲು ಹೆಡ್‌ಮಾಸ್ಟರ ಹತ್ತಿರ ಹೋದೆ. ಅವರು ಮೂಲತಃ ಕನ್ನಡ ಪಂಡಿತರು.

"ಪದವನ್ನು ಬಿಡಿಸಿ ನೋಡಿ ಮೇಷ್ಟ್ರೇ," ಎಂದರು. "ಆಮ್ಲಜನಕ. ಜನಕ ಅಂದರೆ ತಂದೆ. ಆಮ್ಲವನ್ನು ಹುಟ್ಟಿಸಿದವನು. ನಿಮ್ಮ ಅನಿಲದಲ್ಲಿ ಅಂಥವು ಎಷ್ಟಿವೆ?"

"ಎರಡು ಸಾರ್."

"ಇಬ್ಬರು ತಂದೆಯರಿದ್ದ ಮೇಲೆ ಮಗು ಆಮ್ಲವಾಗದೆ ಇನ್ನೇನಾಗುತ್ತೆ?"

"ಸಾರ್, ಅದು ಹಳೇ ಕಾಲದ ತಪ್ಪು ತಿಳಿವಳಿಕೆಯಿಂದ ಬಂದ ಹೆಸರು. ಹಾಗೆ ನೋಡಿದರೆ ಕುಡಿಯುವ ನೀರಿನಲ್ಲೂ ಆಮ್ಲಜನಕ ಇದೆ."

ಅವರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಗಾಬರಿಯಿಂದ ನೋಡಿ, ಮೆಲ್ಲಗೆ ಆಚೆ ಸರಿಸಿದರು.

"ಅದಕ್ಕೇ ನೋಡಿ, ಬೆಳಗಿನಿಂದ ಎದೆ ಉರಿ!"

ಸೋಡಾ ಪರೀಕ್ಷೆ

ಮಾತಿಗೆ ಬಗ್ಗದವರು ಪ್ರಯೋಗಕ್ಕೆ ಬಗ್ಗುತ್ತಾರೆ, ಉತ್ತರದ 'ನೀರಿನಲ್ಲಿ ಕರಗಿದಾಗ' ಎಂಬ ಭಾಗವನ್ನು ಮೊದಲು ತೋರಿಸೋಣ ಎಂದುಕೊಂಡೆ. ಆ ಅನಿಲ ನೀರಿನಲ್ಲಿ ಕರಗಿರುವ ವಸ್ತು ಊರಲ್ಲಿ ಒಂದೇ: ಗೋಲಿ ಸೋಡಾ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಒಂದು ಒಡೆಸಿ, ಲೋಟಕ್ಕೆ ಬಗ್ಗಿಸಿ, ನೀಲಿ ಲಿಟ್ಮಸ್ ಕಾಗದ ಅದ್ದಿದೆ. ಕೆಂಪಾಯಿತು.

ಅಂಗಡಿಯವನ ಮುಖ ಬಿಳಿಚಿಕೊಂಡಿತು. "ಚೆಕ್ಕಿಂಗಾ ಸಾ?"

"ಅಲ್ಲಪ್ಪ. ಇದರಲ್ಲಿ ಆಸಿಡ್ ಇದೆ, ಅದನ್ನು ತೋರಿಸಬೇಕಿತ್ತು."

ಊರಲ್ಲಿ ಆಸಿಡ್ ಎಂದರೆ ಕಕ್ಕಸು ತೊಳೆಯುವುದು. ಲೋಟ ಹಿಡಿದಿದ್ದವರೆಲ್ಲ ಕೆಳಗಿಟ್ಟರು.

"ನಿಮ್ ದಮ್ಮಯ್ಯ, ಇಲ್ಲ ಅಂದ್ಬುಡಿ ಸಾ!" ಎಂದು ಅಂಗಡಿಯವನು ಕೈ ಮುಗಿದ.

ಇರುವುದನ್ನು ಇಲ್ಲವೆನ್ನುವುದು ನನ್ನಿಂದಾಗದು. "ಇದೆ. ಆದರೆ ತೀರಾ ದುರ್ಬಲ ಆಮ್ಲ. ಯಾರಿಗೂ ಏನೂ ಆಗುವುದಿಲ್ಲ," ಎಂದೆ.

ಹಿಂದಿನಿಂದ ಒಬ್ಬ ದನಿ ಎತ್ತಿದ: "ದುರ್ಬಲವಾ? ಅದ್ಕೇ ಕಣ್ಲಾ, ಕುಡುದ್ರೂ ತೇಗು ಬರಾಕಿಲ್ಲ! ನಂಗೆ ಸ್ಟ್ರಾಂಗಾಗಿರದು ಕೊಡ್ಲಾ!"

ಕೈ ಎತ್ತಿ

ಜಿಲ್ಲಾ ಶಿಕ್ಷಣ ಕಚೇರಿಗೆ ನಾನು ಬರೆದ ಮೂರು ಪುಟದ ಅರ್ಜಿಗೆ ಚಾಮರಾಜನಗರದಲ್ಲಿ ಮೇಷ್ಟ್ರುಗಳ ಸಭೆ ಕರೆದರು. ಗುಂಡ್ಲುಪೇಟೆಯ ಮೇಷ್ಟ್ರುಗಳು ಆಮ್ಲ ಎಂದರು, ಚಾಮರಾಜನಗರದವರು ಅಲ್ಲ ಎಂದರು. ಅನಿಲವನ್ನು ಎಲ್ಲರೂ ಮರೆತು ತಾಲ್ಲೂಕನ್ನು ಹಿಡಿದುಕೊಂಡರು. ಸಂಚಾಲಕರು ಗಡಿಯಾರ ನೋಡಿ, "ಕೈ ಎತ್ತಿ, ಮುಗಿಸಿಬಿಡೋಣ," ಎಂದರು.

"ಸಾರ್, ಇದು ರಸಾಯನಶಾಸ್ತ್ರ. ಪಂಚಾಯ್ತಿ ಎಲೆಕ್ಷನ್ ಅಲ್ಲ," ಎಂದೆ. ಯಾರೂ ಕೇಳಲಿಲ್ಲ. ಎಣಿಸಿದರೆ ಸಮ ಸಮ. ನನ್ನನ್ನು ಬಿಟ್ಟರೆ ಕೈ ಎತ್ತದೆ ಉಳಿದವರು ಎರಡೂ ಊರುಗಳ ನಡುವಿನ ತೆರಕಣಾಂಬಿಯ ಮೇಷ್ಟ್ರೊಬ್ಬರೇ.

"ನಿಮ್ಮ ಅಭಿಪ್ರಾಯ?" ಎಂದರು ಸಂಚಾಲಕರು.

"ನಮ್ಮೂರಿಗೆ ಬಸ್ಸು ಎರಡೂ ಕಡೆಯಿಂದ ಬರಬೇಕು ಸಾರ್. ನನ್ನನ್ನ ಬಿಟ್ಬುಡಿ."

ಕೊನೆಗೆ ತೀರ್ಮಾನವಾಯಿತು: 'ಹೌದು' ಬರೆದವರಿಗೆ ಒಂದು ಅಂಕ, 'ಅಲ್ಲ' ಬರೆದವರಿಗೂ ಒಂದು ಅಂಕ.

ಮೂವತ್ತಾರು

ಮತ್ತೆ ತಿದ್ದಿದ ಉತ್ತರ ಪತ್ರಿಕೆ ಬಂತು. ಹುಡುಗಿಗೆ ಮೂವತ್ತಾರು! ಒಂದು ಅಂಕದ ಪ್ರಶ್ನೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡು. ತಿದ್ದಿದವರಿಗೆ ಫೋನ್ ಮಾಡಿದೆ.

"ಆದೇಶದ ಪ್ರಕಾರವೇ ಸಾರ್," ಎಂದರು ಅವರು. "'ಅಲ್ಲ'ಕ್ಕೆ ಒಂದು, 'ಹೌದು'ಗೆ ಒಂದು."

"ಇದು ಅನ್ಯಾಯ. ಒಂದು ಕಳೀರಿ."

"ಕಳೀತೀನಿ. ಎರಡರಲ್ಲಿ ಯಾವುದು ತಪ್ಪು ಅಂತ ನೀವೇ ಬರೆದುಕೊಡಿ."

ಎರಡೂ ಸರಿ ಎಂದು ಕಲಿಸಿದವನೇ ನಾನು. ಫೋನ್ ಇಟ್ಟೆ.

ಹುಡುಗಿಯನ್ನು ಕರೆದೆ. ಪಾಸಾದದ್ದು ತಿಳಿಸಿ, ಇಷ್ಟೆಲ್ಲ ಒದ್ದಾಟದಿಂದ ಒಬ್ಬಳಾದರೂ ರಸಾಯನಶಾಸ್ತ್ರ ಕಲಿತಳಲ್ಲ ಎಂಬ ಕಡೆಯ ಆಸೆಯಿಂದ ಕೇಳಿದೆ: "ಇದರಿಂದ ಏನು ತಿಳಿದುಕೊಂಡೆಯಮ್ಮ?"

ಅವಳು ಉತ್ತರ ಪತ್ರಿಕೆಯ ಕೆಂಪು ಎರಡರ ಮೇಲೆ ಬೆರಳಿಟ್ಟು ನಿಟ್ಟುಸಿರು ಬಿಟ್ಟಳು.

"ಒಣಗಿದ್ರೆ ಒಂದು, ಕರಗಿದ್ರೆ ಒಂದು ಕೊಟ್ಟವ್ರೆ ಸಾ. ಹೆಪ್ಪುಗಟ್ಟಿದ್ರೆ ಅಂತಾನೂ ಬರ್ದಿದ್ರೆ ಇನ್ನೊಂದು ಬತ್ತಿತ್ತು. ಸುಮ್ನೆ ಬುಟ್ಬುಟ್ಟೆ!"