ಗೋಕಾಕದ ಫ್ರೆಂಚ್ ಭೂತಕಾಲ

ಫ್ರೆಂಚ್ ಕಲಿತವರಿಗೆ ಫ್ರಾನ್ಸಿನಲ್ಲಿ ಏನಾಗುತ್ತದೋ ನನಗೆ ತಿಳಿಯದು. ಗೋಕಾಕದಲ್ಲಿ ಕಲಿತರೆ ಏನೇನಾಗುತ್ತದೆ ಎಂದು ಕೇಳಿದರೆ ಮಾತ್ರ ಒಂದು ಮಧ್ಯಾಹ್ನ ಪೂರ್ತಿ ಹೇಳಬಲ್ಲೆ. ನನಗೆ ಆದದ್ದೆಲ್ಲ ಒಂದೇ ವರ್ಷದಲ್ಲಿ ಆಯಿತು. ಅದರಲ್ಲಿ ಒಂದೂ ನಾನಾಗಿ ಬೇಕೆಂದು ಮಾಡಿಕೊಂಡದ್ದಲ್ಲ.

೧. ಸೇರಿದ್ದು

ಆಗ ನಮ್ಮ ಸೀಮೆ ಮುಂಬಯಿ ಇಲಾಖೆಯಲ್ಲಿತ್ತು. ಮೆಟ್ರಿಕ್ ಪರೀಕ್ಷೆಗೆ ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ತೆಗೆದುಕೊಳ್ಳಬೇಕು. ನಾನು ಹಿಂದಿನ ವರ್ಷ ಸಂಸ್ಕೃತ ತೆಗೆದುಕೊಂಡು ಗೋತಾ ಹೊಡೆದಿದ್ದೆ. ನಮ್ಮಪ್ಪ ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿ. ಬೆಲ್ಲವಾದರೆ ಒಂದು ಚೂರು ಒಡೆದು ಬಾಯಿಗೆ ಹಾಕಿ ನೋಡುತ್ತಿದ್ದರು. ಭಾಷೆಗೆ ಆ ಅನುಕೂಲ ಇಲ್ಲದ್ದರಿಂದ ಗೋಕಾಕಕ್ಕೆ ಬಂದು ಹೆಡ್‌ಮಾಸ್ತರರನ್ನೇ ಕೇಳಿದರು.

"ಸರ, ನಿಮ್ಮ ಸಾಲ್ಯಾಗ ಯಾವ ಭಾಷಾದಾಗ ಹುಡುಗೂರು ಕಡಿಮಿ ನಪಾಸ ಆಗ್ತಾರ?"

"ಫ್ರೆಂಚಿನ್ಯಾಗ್ರಿ. ಇವತ್ತಿನ ತನಕ ಒಬ್ಬನೂ ನಪಾಸ ಆಗಿಲ್ಲ."

ಅಪ್ಪ ಅಲ್ಲೇ ನನ್ನ ಹೆಸರು ಬರೆಸಿ, ಸಂಜೆಯ ಗಾಡಿ ಹಿಡಿದು ಮೂಡಲಗಿಗೆ ಹೋದರು. ಫ್ರೆಂಚ್ ಮಾಸ್ತರರು ಪುಣೆಯಿಂದ ಬಂದು ಎಂಟು ದಿನವಾಗಿತ್ತು, ಇವತ್ತಿನ ತನಕ ಆ ಪರೀಕ್ಷೆಗೆ ಒಬ್ಬನೂ ಕೂತೇ ಇರಲಿಲ್ಲ ಎಂಬುದು ನನಗೆ ಮರುದಿನ ತಿಳಿಯಿತು.

೨. ಕನ್ಯೆಯ ಪ್ರಶ್ನೆ

ಅದೇ ವಾರ ನನ್ನನ್ನು ಹುಕ್ಕೇರಿಗೆ ಕರೆದುಕೊಂಡು ಹೋಗಿ ಕನ್ಯೆ ತೋರಿಸಿದರು. ಚಹಾ, ಅವಲಕ್ಕಿ ಆಯಿತು. ದೊಡ್ಡವರ ಮಾತು ಮಳೆ, ಬೆಳೆ, ಎತ್ತಿನ ತನಕ ಬಂದು ನಿಂತಾಗ ಆ ಹುಡುಗಿ ತಲೆ ಎತ್ತಿ ನೇರವಾಗಿ ನನ್ನನ್ನೇ ಕೇಳಿದಳು:

"ಫ್ರೆಂಚ್ ಕಲ್ಯಾಕತ್ತೀರಂತ. ಹೆಂಗ ಇರತೈತ್ರಿ ಅದು?"

ಕನ್ಯೆ ಪ್ರಶ್ನೆ ಕೇಳುವ ಪದ್ಧತಿ ಆಗ ಹುಕ್ಕೇರಿಯಲ್ಲೂ ಇರಲಿಲ್ಲ, ಮೂಡಲಗಿಯಲ್ಲೂ ಇರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಕ್ಲಾಸಿಗೆ ಹೋಗಿದ್ದು ನಾಲ್ಕೇ ದಿನ.

"ಇನ್ನೂ ಗೊತ್ತಾಗಿಲ್ಲರಿ" ಎಂದೆ.

ಅವಳು ನಕ್ಕುಬಿಟ್ಟಳು. ಅವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲವೆಂದು ನಾನು ಆ ಕ್ಷಣದಲ್ಲಿ ನಿಶ್ಚಯ ಮಾಡಿದೆ. ಅವಳ ಅಪ್ಪನ ನಿಶ್ಚಯ ಬೇರೆ ಇತ್ತು. "ಮೆಟ್ರಿಕ್ ಪಾಸ ಆಗ್ಲಿ, ಆಮ್ಯಾಲೆ ಎಲಿ ಅಡಿಕಿ ಹಿಡಿಯೂಣು" ಎಂದರು. ಹುಡುಗಿಯ ಸೋದರಮಾವ ಮೂಲೆಯಲ್ಲಿ ಕೂತಿದ್ದರು. ಅವರಿಗೆ ಈ ಹುಡುಗಿಯನ್ನು ತಮ್ಮ ಮಗನಿಗೇ ತಂದುಕೊಳ್ಳುವ ಮನಸ್ಸು. "ಅವಸರ ಏನೂ ಇಲ್ಲ. ಎಷ್ಟು ವರ್ಷ ಬೇಕಾದ್ರೂ ಓದ್ಲಿ" ಎಂದು ಬಹಳ ಉದಾರವಾಗಿ ಹೇಳಿದರು.

೩. ಯಾರೂ ಆಡದ ಮಾತು

ನಮ್ಮ ಮಾಸ್ತರರು ಸತ್ಯವಂತರು. ಒಂದು ಅಕ್ಷರ ತಪ್ಪಿದರೂ ಸಹಿಸುತ್ತಿರಲಿಲ್ಲ. ಮೊದಲ ದಿನವೇ ಹೇಳಿದರು, ಫ್ರೆಂಚಿನಲ್ಲಿ ಒಂದು ಭೂತಕಾಲ ಇದೆ, ಅದನ್ನು ಗ್ರಂಥಗಳಲ್ಲಿ ಮಾತ್ರ ಬರೆಯುತ್ತಾರೆ, ಫ್ರಾನ್ಸಿನಲ್ಲಿ ಯಾರೂ ಅದನ್ನು ಬಾಯಿಂದ ಆಡುವುದಿಲ್ಲ, ನಾವು ಅದರಿಂದಲೇ ಶುರು ಮಾಡುತ್ತೇವೆ ಎಂದು.

ನಾನು ಕೈ ಎತ್ತಿದೆ. "ಮಾತಾಡೋದನ್ನ ಯಾವಾಗ ಕಲಸ್ತೀರಿ ಸರ?"

"ಗೋಕಾಕದಾಗ ನಿನಗ ಫ್ರೆಂಚ್ ಮನಶ್ಯಾ ಎಲ್ಲಿ ಭೆಟ್ಟಿ ಆಗ್ತಾನ?"

"ಆಗಂಗಿಲ್ಲರಿ."

"ಆದ್ರ ಗ್ರಂಥ ಭೆಟ್ಟಿ ಆಗಬಹುದು. ಕೂಡು."

ಮಾತು ತೂಕದ್ದೇ. ಆದರೆ ಇಡೀ ತಾಲೂಕಿನಲ್ಲಿ ಇದ್ದ ಫ್ರೆಂಚ್ ಗ್ರಂಥ ಒಂದೇ ಒಂದು. ಅದನ್ನು ಮಾಸ್ತರರು ಟ್ರಂಕಿನಲ್ಲಿಟ್ಟು ಕೀಲಿ ಹಾಕಿಕೊಂಡಿದ್ದರು, ನಮಗೆ ಭೇಟಿಗೆ ಸಿಗಲಿಲ್ಲ.

ಕಲಿಸುವ ರೀತಿ ಮಾತ್ರ ಚೊಕ್ಕವಾಗಿತ್ತು. ನಾನು ಎಂದಾಗ ತಮ್ಮ ಎದೆಗೆ ಬೆರಳು, ನೀನು ಎಂದಾಗ ಮುಂದಿನವನ ಕಡೆಗೆ, ಅವನು ಎಂದಾಗ ಕಿಟಕಿಯ ಕಡೆಗೆ. ನಾವು ಏಳು ಜನ ಮಗ್ಗಿ ಒಪ್ಪಿಸಿದ ಹಾಗೆ ಒಟ್ಟಿಗೆ ಕೂಗುತ್ತಿದ್ದೆವು. ಪಕ್ಕದ ಗಣಿತದ ಕ್ಲಾಸಿನವರು ಗೋಡೆ ಗುದ್ದುತ್ತಿದ್ದರು. ಮಾಸ್ತರರು ಅದನ್ನು ಪ್ರೋತ್ಸಾಹ ಎಂದೇ ತಿಳಿದಿದ್ದರು.

೪. ಗೋಡೆಯಾಚೆಯ ವಿದ್ಯಾರ್ಥಿ

ನಾನು ಗೋಕಾಕದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಬಾಜೂ ಮನೆಯ ಕಾಕಾ ಹತ್ತಿ ಹಿಂಜಿ ಗಾದಿ ತುಂಬುವವರು. ಬೆಳಿಗ್ಗೆ ನಮಾಜು ಮುಗಿಸಿ ಕೂತರೆಂದರೆ ಅವರ ಹತ್ತಿ ಹಿಂಜುವ ಬಿಲ್ಲು ಠಂಯ್ ಠಂಯ್ ಎನ್ನುವುದು ಮಧ್ಯಾಹ್ನದ ತನಕ ನಿಲ್ಲುತ್ತಿರಲಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನೋಡಿದರೆ ಆ ತಾಳಕ್ಕೆ ಫ್ರೆಂಚ್ ಕ್ರಿಯಾಪದ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಪಾರ್ಲೇ, ಠಂಯ್. ಪಾರ್ಲಾ, ಠಂಯ್. ಪಾರ್ಲಾ, ಠಂಯ್. ಪಾರ್ಲಾಮ್, ಠಂಯ್.

ಒಂದು ದಿನ ಪಾರ್ಲಾಮ್ ಆದ ಮೇಲೆ ಏನು ಎಂಬುದು ಮರೆತುಹೋಯಿತು. ಬಿಲ್ಲು ನಿಂತಿತು. ಗೋಡೆಯ ಆಚೆಯಿಂದ ಕಾಕಾನ ಧ್ವನಿ ಬಂತು: "ಪಾರ್ಲಾತ್, ತಮ್ಮಾ. ಮುಂದ ಪಾರ್ಲೇರ್. ನಡಿ."

ಒಂದು ತಿಂಗಳಿಂದ ನನ್ನ ಜೊತೆ ಅವರದೂ ಬಾಯಿಪಾಠ ಆಗಿತ್ತು. ಮರುದಿನ ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಅರ್ಥ ಕೇಳಿದರು. ನಾನು ಹೇಳಿದೆ: ನಾನು ಮಾತಾಡಿದೆ, ನೀನು ಮಾತಾಡಿದೆ, ಅವನು ಮಾತಾಡಿದ, ನಾವು ಮಾತಾಡಿದೆವು, ನೀವು ಮಾತಾಡಿದಿರಿ, ಅವರು ಮಾತಾಡಿದರು.

"ಏನ್ ಮಾತಾಡಿದ್ರು?"

"ಅದು ಪಾಠದಾಗ ಇಲ್ಲ ಕಾಕಾ."

ಕಾಕಾ ಗಡ್ಡ ನೀವಿಕೊಂಡರು. "ಇಷ್ಟು ಮಂದಿ ಮಾತಾಡ್ಯಾರ. ಏನ್ ಮಾತಾಡಿದ್ರು ಅಂತ ಒಬ್ಬನೂ ಹೇಳವಲ್ಲ. ಥೇಟ್ ನಮ್ಮ ಓಣಿ ಪಂಚಾಯ್ತಿ."

೫. ಬೆಳಗಾವಿಯ ಪರೀಕ್ಷಾ ಹಾಲ್‌ನಲ್ಲಿ

ಪರೀಕ್ಷೆ ಬೆಳಗಾವಿಯಲ್ಲಿ. ಪ್ರಶ್ನೆಪತ್ರಿಕೆಯಲ್ಲಿ ಆ ಭೂತಕಾಲ ಮಾಸ್ತರರು ಹೇಳಿದಂತೆ ಮೊದಲನೆಯದಾಗಿಯೇ ಬಂದಿತ್ತು. ಸಂತೋಷದಿಂದ ಟಾಕನ್ನು ಮಸಿಯಲ್ಲಿ ಅದ್ದಿದೆ. ಒಂದೂ ನೆನಪಾಗಲಿಲ್ಲ. ಪರೀಕ್ಷೆಯ ಹಾಲ್ ಅಷ್ಟು ನಿಶ್ಶಬ್ದವಾಗಿತ್ತು. ಬಿಲ್ಲಿನ ಸಪ್ಪಳವಿಲ್ಲದೆ ಫ್ರೆಂಚ್ ಬಾಯಿಗೇ ಬರಲೊಲ್ಲದು. ನನಗೆ ಹುಕ್ಕೇರಿಯ ಸೋದರಮಾವ ಕಣ್ಣ ಮುಂದೆ ಬಂದರು. ಖರೆ ಹೇಳುತ್ತೇನೆ, ಅಳು ಬಂತು.

ಬೇರೆ ದಾರಿ ಇರಲಿಲ್ಲ. ಎಡಗೈಯಲ್ಲಿ ಇಲ್ಲದ ಬಿಲ್ಲು ಹಿಡಿದೆ, ಬಲಗೈಯಲ್ಲಿ ಇಲ್ಲದ ಹತ್ತಿಯನ್ನು ಹೊಡೆಯತೊಡಗಿದೆ, ಬಾಯಲ್ಲಿ ಸಣ್ಣಗೆ ಠಂಯ್ ಅಂದುಕೊಂಡೆ. ಒಂದೊಂದೇ ರೂಪ ಇಳಿದು ಬಂತು. ನಾಲ್ಕನೆಯದಕ್ಕೆ ಸೂಪರ್‌ವೈಜರರ ಬೂಟು ನನ್ನ ಬೆಂಚಿನ ಪಕ್ಕ ನಿಂತಿತು.

"ಏನ್ ಮಾಡಾಕತ್ತೀರಿ?"

ಸುಳ್ಳು ಹೊಳೆಯಲಿಲ್ಲ. "ಹತ್ತಿ ಹಿಂಜಾಕತ್ತೇನ್ರಿ ಸರ."

ಅವರು ನನ್ನ ತೋಳು ನೋಡಿದರು, ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಕಾಪಿ ಹೊಡೆಯಬಾರದೆಂದು ನಿಯಮವಿತ್ತು. ಹತ್ತಿ ಹಿಂಜಬಾರದೆಂದು ಎಲ್ಲೂ ಬರೆದಿರಲಿಲ್ಲ. ಕಡೆಗೆ ಹೇಳಿದರು: "ಸಪ್ಪಳ ಆಗದಂಗ ಹಿಂಜ್ರಿ. ಬಾಜೂದವ್ರು ಬರ್ಯಾಕತ್ತಾರ."

೬. ಎಲೆ ಅಡಿಕೆ

ಪಾಸಾದೆ. ಹುಕ್ಕೇರಿಯಲ್ಲಿ ನಿಶ್ಚಯಕ್ಕೆ ದಿನ ಗೊತ್ತಾಯಿತು. ನಮ್ಮ ಕಡೆಯಿಂದ ಫ್ರೆಂಚ್ ಮಾಸ್ತರರನ್ನು ಮುದ್ದಾಂ ಕರೆದುಕೊಂಡು ಹೋಗಿದ್ದೆವು. ಅವರನ್ನು ಲೋಡು ದಿಂಬಿಗೆ ಒರಗಿಸಿ, ಕೈಗೆ ಅವಲಕ್ಕಿ ಫರಾಳದ ತಾಟು ಕೊಟ್ಟು, ಎಲ್ಲರಿಗಿಂತ ಮುಂದೆ ಕೂರಿಸಿದರು.

ಎಲೆ ಅಡಿಕೆಯ ತಟ್ಟೆ ಹೊರಗೆ ಬರುವಷ್ಟರಲ್ಲಿ ಸೋದರಮಾವ ಕೈ ಅಡ್ಡ ಹಿಡಿದರು.

"ಒಂದ್ ನಿಮಿಷ. ಹುಡುಗ ಫ್ರೆಂಚ್ ಕಲ್ತಾನ ಅಂತೀರಿ. ಕೇಳಿದವ್ರು ಯಾರು? ನಾಕು ಮಾತು ಆಡಿ ತೋರಸ್ಲಿ. ಆಮ್ಯಾಲೆ ನನ್ನದೇನೂ ತಕರಾರಿಲ್ಲ."

ನನಗೆ ಫ್ರೆಂಚಿನಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಆ ಭೂತಕಾಲವೊಂದೇ. ಎದ್ದು ನಿಂತು, ಕಣ್ಣು ಮುಚ್ಚಿ, ಬಾಯಿಗೆ ಬಂದ ಮೊದಲ ಕ್ರಿಯಾಪದವನ್ನು ಆರು ರೂಪಗಳಲ್ಲೂ ಏರುದನಿಯಲ್ಲಿ ಹೇಳಿದೆ. ಮಂದಿ ತಲೆದೂಗಿದರು. ಅಡಿಗೆಮನೆಯ ಬಾಗಿಲಲ್ಲಿ ಹೆಂಗಸರು ಬಂದು ನಿಂತಿದ್ದರು. ನಮ್ಮಪ್ಪನ ಎದೆ ಉಬ್ಬಿತ್ತು.

"ಇದರ ಅರ್ಥ ಏನು?" ಎಂದರು ಸೋದರಮಾವ.

ಅರ್ಥ ನೆನಪಾದ ಕೂಡಲೇ ಮುಚ್ಚಿದ ಕಣ್ಣು ತಾವೇ ತೆರೆದವು. ಆದರೂ ಧೈರ್ಯ ಮಾಡಿದೆ. "ನಾ ಬಾಳಿದೆ, ನೀ ಬಾಳಿದಿ, ಅಂವ ಬಾಳಿದ, ಎಲ್ಲಾರೂ ಬಾಳಿದ್ರು ಅಂತರಿ."

"ಬಾಳ ಚಲೋ ಅರ್ಥ ಐತಿ" ಎಂದು ಹುಡುಗಿಯ ಅಪ್ಪ ತಟ್ಟೆಗೆ ಕೈ ಹಾಕಿದರು.

ಮಾಸ್ತರರು ಅವಲಕ್ಕಿಯ ತಾಟು ಕೆಳಗಿಟ್ಟರು.

"ತಪ್ಪು" ಎಂದರು.

ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ, ಎದ್ದು ನಿಂತಿದ್ದರು. "ಆ ಕ್ರಿಯಾಪದದ ಅರ್ಥ ಬಾಳೂದಲ್ಲ, ಸಾಯೂದು. ನೋಡ್ರಿ, ಹೇಳ್ತೇನಿ." ಬೆರಳು ಎತ್ತಿದರು. ತಮ್ಮ ಎದೆ ಮುಟ್ಟಿಕೊಂಡು, "ನಾನು ಸತ್ತೆ." ಹುಡುಗಿಯ ಅಪ್ಪನ ಕಡೆಗೆ ತೋರಿಸಿ, "ನೀನು ಸತ್ತಿ." ನನ್ನ ಕಡೆಗೆ, "ಅವನು ಸತ್ತ." ಬೀಗರು ಬಿಜ್ಜರ ಮೇಲೆಲ್ಲ ಬೆರಳು ಸುತ್ತಿ ತಂದು, "ನಾವು ಸತ್ತೆವು." ಸೋದರಮಾವನ ಮೂಗಿಗೆ ಸರಿಯಾಗಿ, "ನೀವು ಸತ್ತಿರಿ." ಕಡೆಗೆ ಅಡಿಗೆಮನೆಯ ಬಾಗಿಲಿಗೆ, "ಅವರು ಸತ್ತರು."

ಇಷ್ಟು ಹೇಳಿ ಕೂತು ತಾಟು ಎತ್ತಿಕೊಂಡರು.

ಅಡಿಕೆ ಕತ್ತರಿಸುತ್ತಿದ್ದವರು ಅಡಕತ್ತರಿಯನ್ನು ತೆರೆದಂತೆಯೇ ಹಿಡಿದಿದ್ದರು. ನನ್ನ ಮದುವೆ ಮುಗಿಯಿತೆಂದು ನನಗೆ ಖಾತ್ರಿಯಾಯಿತು. ಸೋದರಮಾವ ರುಮಾಲು ಸರಿಮಾಡಿಕೊಂಡು ಎದ್ದರು. ಅವರ ಮುಖದಲ್ಲಿ ದುಃಖ ಇರಬೇಕಾದ ಜಾಗದಲ್ಲೆಲ್ಲ ಸಂತೋಷವಿತ್ತು.

"ಶುಭಕಾರ್ಯದಾಗ ಇಂಥಾ ಮಾತು! ನನ್ನ ತಕರಾರೈತಿ. ಈ ಸಂಬಂಧ ಬ್ಯಾಡ."

ಆಗ ಒಳಗಿನಿಂದ ಹುಡುಗಿಯ ಅಜ್ಜಿ ಕೋಲು ಊರಿಕೊಂಡು ಬಂದರು. ಆ ಮನೆಯಲ್ಲಿ ಕಡೆಯ ಮಾತು ಅವರದು. ನೇರವಾಗಿ ಮಾಸ್ತರರ ಮುಂದೆ ನಿಂತರು.

"ಏನ್ರಿ ಮಾಸ್ತರ, ಎಲ್ಲಾರೂ ಸತ್ರೇನು?"

"ಎಲ್ಲಾರೂ, ಅಮ್ಮಾರ."

"ಒಬ್ರೂ ಉಳೀಲಿಲ್ಲ?"

"ಇಲ್ಲರಿ. ಫ್ರೆಂಚಿನ್ಯಾಗ ಇರೂದ ಅಷ್ಟ ಮಂದಿ."

ಅಜ್ಜಿ ಸೋದರಮಾವನ ಕಡೆ ತಿರುಗಿ, ಕೋಲಿನಿಂದ ಅವರು ಎದ್ದ ಜಾಗ ತೋರಿಸಿದರು.

"ಹಂಗಾರ ಇನ್ನ ತಕರಾರು ತಗ್ಯಾವ್ರು ಯಾರು ಉಳದ್ರು? ಎಲಿ ಅಡಿಕಿ ತರ್ರಿ."