ನಮ್ಮ ಮನೆಯ ಪಾಯಿಂಟ್ ಗಾರ್ಡ್

ಜೂನ್ ಒಂಬತ್ತು, ಭಾನುವಾರ. ಮುಂಜಾನೆ ತುಂತುರು, ಮಧ್ಯಾಹ್ನ ಬಿಸಿಲು. ಅಂದು ಅಣ್ಣನ ಮಗಳು ಪರ ಊರಿನ ಬಾಸ್ಕೆಟ್‌ಬಾಲ್ ತಂಡವೊಂದನ್ನು ಸೇರಲು ಹುಬ್ಬಳ್ಳಿ ಬೆಂಗೇರಿಯ ನಮ್ಮ ಮನೆಯಿಂದ ಹೊರಟಳು. ಆಡಿದ್ದಕ್ಕೆ ಸಂಬಳ ಕೊಡುವ ತಂಡ. ಅಣ್ಣ ಒಂದೇ ಮಾತು ಹೇಳಿದ್ದ: "ಒಂದು ವರ್ಷ ಆಡು. ಮುಂದಿನ ವರ್ಷ ಅವರಾಗೇ ಕರದ್ರ ಹೋಗು. ಇಲ್ಲಾಂದ್ರ ಇಲ್ಲೇ ಸಾಲ್ಯಾಗ ಡ್ರಿಲ್ ಟೀಚರ್ ಆಗು." ಅವಳು ಹೂಂ ಅಂದಳು. ಅಂದಿನಿಂದ ಮನೆಯಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇತ್ತು. ಆಟದ ಇಂಗ್ಲಿಷ್ ಶಬ್ದಗಳು ನಮ್ಮ ಹೊಸ್ತಿಲು ದಾಟಿದ ಮೇಲೆ ಬಂದ ಅರ್ಥದಲ್ಲಿ ಉಳಿಯುವುದಿಲ್ಲ.

ಬೆಂಚು

ಮೊದಲ ಕೆಲವು ಪಂದ್ಯಗಳಲ್ಲಿ ಅವಳಿಗೆ ಆಡಲು ಸಿಗಲಿಲ್ಲ. ಫೋನಿನಲ್ಲಿ ಕೇಳಿದೆ. "ಕೋರ್ಟಿಗೆ ಕರಕೊಂಡು ಹೋಗ್ತಾರ ಕಾಕಾ, ಆದ್ರ ಬೆಂಚ್ ಮ್ಯಾಲೆ ಕುಂಡ್ರಸ್ತಾರ" ಅಂದಳು. ಪಕ್ಕದಲ್ಲಿದ್ದ ನಮ್ಮ ಅವ್ವ ಇದನ್ನು ಕೇಳಿಸಿಕೊಂಡು ಓಣಿಗೆಲ್ಲ ಹೇಳಿದಳು. ಧಾರವಾಡದಲ್ಲಿ ಹೈಕೋರ್ಟಿನ ಪೀಠವಿದೆ. ನಮ್ಮ ಕಡೆ ಬಾಯಿಮಾತಿನಲ್ಲಿ ಅದಕ್ಕೆ ಬೆಂಚ್ ಎಂದೇ ಹೆಸರು. ವಾರದೊಳಗೆ ಶಿರಗುಪ್ಪಿಯಿಂದ ದೂರದ ಸಂಬಂಧಿಕರೊಬ್ಬರು ಒಂದು ಚೀಲ ಶೇಂಗಾ ಹೊತ್ತು ಬಂದರು. ಹೊಲದ ದಾವೆ ಇತ್ತಂತೆ, ಜಜ್ಜಮ್ಮನ ಕಿವಿಗೆ ಹಾಕಬೇಕಂತೆ. ಹಾಗಲ್ಲ, ಅವಳು ಅಲ್ಲಿ ತನ್ನ ಸರದಿ ಯಾವಾಗ ಬರುತ್ತದೋ ಎಂದು ಸುಮ್ಮನೆ ಕಾಯುತ್ತಾ ಕೂತಿರುತ್ತಾಳೆ ಎಂದು ತಿಳಿಸಿ ಹೇಳಿದೆ.

ಅವರು ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಂಗಾರ ಆಕೀನೂ ನಮ್ಮಂಗ ಅನ್ರಿ."

ಗಾರ್ಡು

ದೀಪಾವಳಿಗೆ ಅವಳು ಬಂದಾಗ, ಯಾರೂ ಕೇಳದೆ ಒಂದು ಸಂಬಂಧವೂ ಬಂತು. ಹುಡುಗಿ ಗಾರ್ಡ್ ಇದ್ದಾಳೆ ಎಂದು ಮಧ್ಯಸ್ಥರು ಹೇಳಿದ್ದರು. ಆಟದಲ್ಲಿ ಅದು ಅವಳ ಜಾಗ. ಹುಬ್ಬಳ್ಳಿಯಲ್ಲಿ ಮಾತ್ರ ಗಾರ್ಡ್ ಅಂದರೆ ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುವವರು. ಹುಡುಗನ ತಂದೆ ರೈಲ್ವೆಯಿಂದ ನಿವೃತ್ತರಾದವರು. ಬಹಳ ಗೌರವದಿಂದ ಕೇಳಿದರು: "ಗೂಡ್ಸ್ ಗಾಡಿನೋ, ಪ್ಯಾಸೆಂಜರೋ, ತಂಗಿ?"

"ಪಾಯಿಂಟ್ ಗಾರ್ಡ್ ರೀ" ಅಂದಳು ಇವಳು.

ರೈಲ್ವೆಯಲ್ಲಿ ಹಳಿ ಬದಲಿಸಿ ಕೊಡುವವನಿಗೆ ಪಾಯಿಂಟ್ಸ್‌ಮನ್ ಎನ್ನುತ್ತಾರೆ. ಹಿರಿಯರು ಅವಲಕ್ಕಿಯ ತಾಟು ಕೆಳಗಿಟ್ಟರು.

"ಎರಡೂ ಕೆಲಸ ಒಬ್ರ ಕಡೆ ಮಾಡಸಾಕತ್ತಾರೇನವ್ವ? ನಮ್ಮ ಕಾಲಕ್ಕ ಮಂದಿ ಭರ್ತಿ ಇದ್ರು ಬಿಡು."

ಟ್ರಾವೆಲ್ಸು

ಕೊನೆಗೆ ಒಂದು ಪಂದ್ಯದಲ್ಲಿ ಅವಳನ್ನು ಇಳಿಸಿದರು. ನಾವೆಲ್ಲ ಮೊಬೈಲಿನ ಸುತ್ತ ಕೂತೆವು. ಇಲ್ಲಿ ಚೆನ್ನಾಗಿ ಆಡದಿದ್ದರೆ ಮುಂದಿನ ವರ್ಷ ಕರೆಯುವವರಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಚಹಾ ಆರಿಸಿಕೊಂಡು ಕೂತಿದ್ದ. ಚೆಂಡು ಕೈಗೆ ಬಂದದ್ದೇ ತಡ, ಅದನ್ನು ನೆಲಕ್ಕೆ ಪುಟಿಸದೆ ಗಾಬರಿಯಲ್ಲಿ ಓಡಿಬಿಟ್ಟಳು. ರೆಫರಿ ಸೀಟಿ ಊದಿದ. ಈ ತಪ್ಪಿಗೆ ಟ್ರಾವೆಲಿಂಗ್ ಎಂದು ಹೆಸರು. ಯಾಕೆ ಊದಿದ ಎಂದು ಅವ್ವ ಕೇಳಿದಳು, ಟ್ರಾವೆಲಿಂಗ್ ಮಾಡಿದಳಂತೆ ಎಂದೆ.

"ಬಡಕೊಂಡೆ" ಅಂದಳು ಅವ್ವ, "ಆ ಟ್ರಾವೆಲ್ಸ್‌ನವರ ಬಸ್ ಹತ್ತಬ್ಯಾಡ, ಸರಕಾರಿ ಬಸ್ಸಿಗೆ ಹೋಗು ಅಂತ."

ಆಮೇಲೆ ಅವಳು ಗಾಬರಿ ಬಿಟ್ಟು, ಚೆಂಡು ಪುಟಿಸುತ್ತ ಆಡಿದಳು. ಮತ್ತೆ ಬೆಂಚಿಗೆ ಕಳಿಸಲಿಲ್ಲ.

ಬೆರಳು

ವರ್ಷದ ಕೊನೆಗೆ ಫೋನ್ ಬಂತು. "ಕಾಕಾ, ಕರದಾರ" ಅಂದಳು. ನಾನು ಫೋನ್ ಹಿಡಿದುಕೊಂಡೇ ಅಣ್ಣನನ್ನು ಕೂಗಿದೆ.

ಮರುವಾರ ತಂಡದ ಮ್ಯಾನೇಜರು ಅವಳ ಜೊತೆ ಮನೆಗೇ ಬಂದರು. ಸಂಬಳದ ಮಾತೊಂದು ಮುಗಿದರೆ ಸಹಿ. ಆ ಮಾತು ತಾನೇ ಆಡುವುದಾಗಿ ಅಣ್ಣ ಹಟ ಹಿಡಿದ. "ಬ್ಯಾಡಪ್ಪಾ, ನಾನೇ ಮಾತಾಡತೇನಿ" ಎಂದಳು ಮಗಳು. "ವ್ಯವಹಾರ ನಿನಗೇನು ತಿಳೀತದ" ಎಂದು ಅವಳನ್ನು ಕೂರಿಸಿದ.

ಅಣ್ಣ ಅಮರಗೋಳದ ಮಾರುಕಟ್ಟೆಯಲ್ಲಿ ಖಾರದಪುಡಿ ಕಂಪನಿಯೊಂದಕ್ಕೆ ಒಣಮೆಣಸಿನಕಾಯಿ ಖರೀದಿ ಮಾಡಿಕೊಡುವವನು. ಹಳೆಯ ದಲ್ಲಾಳಿಗಳು ದರವನ್ನು ಬಾಯಿಬಿಟ್ಟು ಆಡುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತಾರೆ. ಈಗ ಯಾರ್ಡಿಗೆ ಕಂಪ್ಯೂಟರ್ ಬಂದಿದೆ, ಅಣ್ಣನ ಕೈಗೆ ಇನ್ನೂ ಬಂದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮ್ಯಾನೇಜರರ ಕೈ ಮುಚ್ಚಿದ. ಅವರು ಬೆದರಿ ಹುಡುಗಿಯ ಮುಖ ನೋಡಿದರು.

"ಸರ್, ಒಂದು ಬೆರಳಿಗೆ ತಿಂಗಳಿಗೆ ಹತ್ತು ಸಾವಿರ" ಎಂದು ಅವಳು ಮೆಲ್ಲಗೆ ಹೇಳಿಕೊಟ್ಟಳು.

ಟವೆಲ್ ಅಲುಗಾಡಿತು. ಅಣ್ಣ ತಲೆ ಅಡ್ಡ ಆಡಿಸಿದ, ಹಲ್ಲು ಕಚ್ಚಿದ, ಎದ್ದು ಹೋಗುವಂತೆ ಮಾಡಿ ಮತ್ತೆ ಕೂತ. ಮ್ಯಾನೇಜರರ ಕಣ್ಣು ಮೊದಲು ಅಗಲವಾದವು. ಆಮೇಲೆ ಮುಖದಲ್ಲಿ ಎಂಥದೋ ಕಳೆ ಬಂತು. ತಾವೇ ಅಣ್ಣನ ಕೈ ಹಿಡಿದು ಕುಲುಕಿದರು, ಸಹಿ ಹಾಕಿಸಿಕೊಂಡರು, ಊಟಕ್ಕೂ ನಿಲ್ಲದೆ ಹೊರಟರು.

ಅವ್ವ ಅಡುಗೆಮನೆಯಿಂದ ಬಂದು, ಎಷ್ಟಕ್ಕೆ ಮುಗಿಯಿತು ಎಂದು ಕೇಳಿದಳು.

ಅಣ್ಣ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಅವನನ್ನು ಅಷ್ಟು ಸಂತೋಷದಲ್ಲಿ ನಾನು ಕಂಡದ್ದು ಕಡಿಮೆ.

"ಪುಣ್ಯಾತ್ಮ ಬಂದಾವನ ನಾಕು ಬೆರಳು ಹಿಡದಿದ್ದ. ನಾ ಬಿಡತೇನೇನವ್ವ? ಜಗ್ಗಿ ಜಗ್ಗಿ ಮೂರಕ್ಕ ಇಳಿಸೇನಿ."